ಮುಚ್ಚಿದ ಶಾಲೆಯ ಮೀಟರು

ಶಾಲೆಗಳಿಗೆ ರಜೆ ಸಿಕ್ಕಿದ ದಿನ ಮಾಸ್ತರರು ಟ್ರಂಕು ಹಿಡಿದು ತಮ್ಮ ತಮ್ಮ ಊರಿಗೆ ಹೊರಡುತ್ತಿದ್ದರು. ನನ್ನ ಕೆಲಸ ಶುರುವಾಗುತ್ತಿದ್ದುದೇ ಆ ದಿನ. ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ಊರುಗಳಲ್ಲಿ ಕರೆಂಟು ಇದ್ದ ಶಾಲೆಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ಬಾಗಿಲು ಹಾಕಿದ ಕಟ್ಟಡದಲ್ಲಿ ಕರೆಂಟು ಸುಮ್ಮನೆ ಖರ್ಚಾಗದಂತೆ ನೋಡಿಕೊಳ್ಳಬೇಕು, ಅಷ್ಟೇ. ಕೇಳುವವರಿಗೆ ಇದಕ್ಕಿಂತ ಹಗುರದ ನೌಕರಿ ಇನ್ನೊಂದಿಲ್ಲ ಅನಿಸುತ್ತಿತ್ತು. ನನ್ನ ಅಪ್ಪ ಕಡಲ ದಡದ ಬಾಡ ಎಂಬ ಊರಿನಲ್ಲಿ ದೋಣಿ ಇಟ್ಟುಕೊಂಡಿದ್ದವನು. ‘ದಡಕ್ಕೆ ಎಳ್ದಿಟ್ಟ ದೋಣಿ ಕಾಯೂಕೆ ಸರ್ಕಾರ ನಿಂಗೆ ಸಂಬಳ ಕೊಡ್ತದ್ಯಾ?’ ಎಂದು ಅವನೂ ನಗುತ್ತಿದ್ದ.

ಈಗ ಈ ಕೆಲಸಕ್ಕೆ ಸೇರುವವರು ನನ್ನನ್ನು ಕಂಡರೆ ಕೇಳುವುದು ಬಡ್ತಿ, ವರ್ಗಾವಣೆ, ಪಿಂಚಣಿಯ ವಿಷಯ. ಅದನ್ನು ಹೇಳಲು ಬೇರೆಯವರಿದ್ದಾರೆ. ನನಗೆ ಹೇಳಬೇಕಾಗಿರುವುದು ಬಿಡದೆ ಕಾಡುವ ಒಂದು ಚಿಂತೆಯ ವಿಷಯ. ಮನೆಗೆ ಬಂದು ಗಂಜಿ ಉಣ್ಣಲು ಕುಳಿತಾಗಲೂ ಎಲ್ಲೋ ಒಂದು ಬೀಗ ಹಾಕಿದ ಕೋಣೆಯಲ್ಲಿ ಏನೋ ಉರಿಯುತ್ತಿದೆ ಅನಿಸುತ್ತಿತ್ತು. ಹೆಂಡತಿ ಮಾತಾಡಿದ್ದು ಕಿವಿಗೆ ಬೀಳುತ್ತಿರಲಿಲ್ಲ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಊರ ಶಾಲೆಗೆ ರಜೆ ಬಂತೆಂದರೆ ನನ್ನ ಕಾಲು ಅತ್ತ ಹೊರಡಲು ನೋಡುತ್ತದೆ.

ನಾನು ಸೇರಿದಾಗ ನಮ್ಮ ಕಡೆ ಡೀಸೆಲ್ ಇಂಜಿನ್ನಿನ ಕಾಲ. ಸಂಜೆ ಇಂಜಿನ್ನು ಶುರುವಾದರೆ ದೀಪ, ನಿಂತರೆ ಕತ್ತಲೆ. ಯಾರಾದರೂ ಸ್ವಿಚ್ಚು ಮರೆತು ಹೋಗಿದ್ದರೂ ಇಂಜಿನ್ನು ನಿಂತ ಕೂಡಲೆ ಅವರ ತಪ್ಪೂ ನಿಲ್ಲುತ್ತಿತ್ತು. ಘಟ್ಟದ ಮೇಲಿನಿಂದ ಲೈನು ಇಳಿದ ಮೇಲೆ ಹಾಗಿಲ್ಲ. ತಂತಿಯೊಳಗೆ ಹಗಲೂ ರಾತ್ರಿ ಕರೆಂಟು. ಬಾಗಿಲು ಹಾಕಿ ಎಲ್ಲರೂ ಹೋದರೂ ಅದು ಒಳಗೇ ಇರುತ್ತದೆ. ಜನರಿಗೆ ಈ ಫರಕು ತಿಳಿಯಲು ಬಹಳ ಕಾಲ ಬೇಕಾಯಿತು. ಮೇಲಾಗಿ ಒಂದು ವರ್ಷ ಮಳೆ ಕೈಕೊಟ್ಟು, ಘಟ್ಟದ ಮೇಲಿನ ಅಣೆಕಟ್ಟೆಯಲ್ಲಿ ನೀರು ಇಳಿದು, ಎಲ್ಲ ಕಡೆ ಕರೆಂಟು ಉಳಿಸಿ ಎಂಬ ಆಜ್ಞೆ ಬಂತು. ಆಸ್ಪತ್ರೆಯ ದೀಪವೇ ಮಂಕಾಗಿದ್ದ ಆ ಕಾಲದಲ್ಲಿ ಮುಚ್ಚಿದ ಶಾಲೆಯ ಫ್ಯಾನು ತಿರುಗುತ್ತಿದ್ದರೆ ಜನ ಸುಮ್ಮನಿರುತ್ತಾರೆಯೇ? ನನ್ನ ಹುದ್ದೆಗೆ ಒಂದು ತೂಕ ಬಂದದ್ದು ಆಗಲೇ.

ನನ್ನ ಮೇಲಿನವರು ಕುಲಕರ್ಣಿ ಸಾಹೇಬರು. ಧಾರವಾಡದ ಕಡೆಯವರು, ಕುಮಟೆಯಲ್ಲಿ ಒಂಟಿಯಾಗಿ ಕೋಣೆ ಮಾಡಿಕೊಂಡಿದ್ದರು. ಹಗಲು ಹೊತ್ತು ಎಲ್ಲಾದರೂ ದೀಪ ಉರಿಯುವುದು ಕಂಡರೆ, ಅದು ಯಾರ ಮನೆಯೇ ಆಗಲಿ, ಒಳಗೆ ಹೋಗಿ ಆರಿಸಿ ಬರುವ ಮನುಷ್ಯ. ನನಗೆ ಮೊದಲ ದಿನ ಹೇಳಿದ್ದು ಒಂದೇ ಮಾತು: ‘ನಾಯ್ಕ, ಕರೆಂಟು ತಾನಾಗೇ ಎಲ್ಲೂ ಹೋಗೂದಿಲ್ಲ. ಹೋತು ಅಂದ್ರ ಯಾರೋ ಒಯ್ದಾರ.’ ಈ ಮಾತನ್ನು ನಾನು ಬಹಳ ದಿನ ನಂಬಿದ್ದೆ.

ಮೊದಲ ಹೆದರಿಕೆ ಕುಮಟೆಯಲ್ಲೇ ಆಯಿತು. ಬೇಸಿಗೆ ರಜೆ ಶುರುವಾದ ಮರುದಿನ ಹೈಸ್ಕೂಲಿನ ಮೇನ್ ಸ್ವಿಚ್ಚು ಎಳೆದು ಕರೆಂಟು ನಿಲ್ಲಿಸಲು ಹೋದೆ. ಜಗಲಿಯ ಗೋಡೆಯ ಮೇಲೆ ಮೀಟರಿನ ಗಾಜಿನೊಳಗೆ ಸಣ್ಣ ತಗಡಿನ ಚಕ್ರವೊಂದಿರುತ್ತದೆ. ಕರೆಂಟು ಖರ್ಚಾದಷ್ಟೂ ತಿರುಗುತ್ತದೆ. ಅಂದು ಅದು ಬುಗುರಿಯಂತೆ ತಿರುಗುತ್ತಿತ್ತು. ಕಟ್ಟಡ ಪೂರ್ತಿ ನಿಶ್ಶಬ್ದ. ಸುಟ್ಟ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಮೇನ್ ಎಳೆದೆ, ಚಕ್ರ ನಿಂತಿತು, ವಾಸನೆ ನಿಲ್ಲಲಿಲ್ಲ. ಅದು ಪ್ರಯೋಗಶಾಲೆಯಿಂದ ಬರುತ್ತಿತ್ತು. ಅಲ್ಲಿಗೆ ದೊಡ್ಡ ಬೀಗ. ಕೀಲಿ ವಿಜ್ಞಾನದ ಮಾಸ್ತರರ ಹತ್ತಿರ. ಅವರು ಗೋಕರ್ಣದ ಹತ್ತಿರ ಹೆಂಡತಿಯ ಮನೆಗೆ ಹೋಗಿದ್ದರು.

‘ಬೀಗ ಮುರಿಯೋಣ’ ಎಂದೆ.

ಜೊತೆಗಿದ್ದ ಶಾಲೆಯ ಜವಾನ, ಪಟ್ಟೇವಾಲ, ಮುಖ ಸಣ್ಣ ಮಾಡಿದ. ‘ಮುರ್ದ್ರೆ ನನ್ನ ನೌಕ್ರಿ ಹೋಗ್ತದ್ರಾ.’

‘ಮುರೀದಿದ್ರೆ ಶಾಲೆನೇ ಹೋಗ್ತದೆ.’

ಕಲ್ಲಿನಿಂದ ಬೀಗ ಒಡೆದೆವು. ನೀರು ಕಾಯಿಸುವ ವಿದ್ಯುತ್ ಒಲೆ ಮೇಜಿನ ಮೇಲೆ ಹಾಗೇ ಉಳಿದಿತ್ತು. ಪಾತ್ರೆಯ ನೀರು ಬತ್ತಿ, ಗಾಜು ಸಿಡಿದು, ಕೆಳಗಿನ ಹಲಗೆ ಕೆಂಡವಾಗಿ ಕೊರೆದುಕೊಂಡು ಹೋಗಿತ್ತು. ಮೇಲೆ ನೋಡಿದರೆ ಒಣಗಿದ ತೊಲೆಗಳು. ಮರಳು ಸುರಿದು ಆರಿಸಿದೆವು. ಸುದ್ದಿ ಮುಟ್ಟಿ ಮಾಸ್ತರರು ಓಡಿಬಂದರು. ಮೇಜಿನ ತೂತಿನೊಳಗೆ ಕೈಯಿಟ್ಟು, ಅದು ಹಲಗೆಯ ಕೆಳಗೆ ಆಚೆ ಬರುವುದನ್ನು ನೋಡುತ್ತ ತಮ್ಮಷ್ಟಕ್ಕೆ ‘ಆರ್ಸಿದ್ನಿಲ್ಲೆ... ಆರ್ಸಿದ್ನಿಲ್ಲೆ’ ಎನ್ನುತ್ತ ನಿಂತರು. ಅವರನ್ನು ಬೈಯಲು ಯಾರಿಗೂ ಮನಸ್ಸಾಗಲಿಲ್ಲ. ಅಂದಿನಿಂದ ನಾನು ಯಾವ ಶಾಲೆಗೆ ಹೋದರೂ ಮೊದಲು ಮುಟ್ಟುತ್ತಿದ್ದುದು ಸ್ವಿಚ್ಚನ್ನಲ್ಲ. ಮೊದಲು ಮೀಟರಿನ ಮುಂದೆ ನಿಂತು ಚಕ್ರ ನೋಡುತ್ತಿದ್ದೆ. ಒಳಗೆ ಏನಿದೆಯೆಂದು ಅದು ಹೇಳುತ್ತದೆ.

ಕುಲಕರ್ಣಿ ಸಾಹೇಬರು ಇದಕ್ಕೊಂದು ಉಪಾಯ ಹೂಡಿದರು. ಮೇನ್ ಎಳೆದರೆ ಸಾಲದು, ಯಾರಾದರೂ ಮೇಲೆ ತಳ್ಳಿಬಿಡುತ್ತಾರೆ. ಫ್ಯೂಜುಗಳನ್ನೇ ಕಿತ್ತು ಚೀಲದಲ್ಲಿ ಹಾಕಿಕೊಂಡು ಬಾ ಎಂದರು. ಹಾಗೇ ಮಾಡಿದೆ. ಮೂರು ಊರಿನ ಶಾಲೆಗಳ ಫ್ಯೂಜು ನನ್ನ ಚೀಲದಲ್ಲಿ ಕಟಕಟ ಎನ್ನುತ್ತಿದ್ದವು. ಮುಂದಿನ ಮಳೆಗಾಲದಲ್ಲಿ ಹೊನ್ನಾವರದ ಶಾಲೆಯಲ್ಲಿ ರಜೆಯ ನಡುವೆ ಒಂದು ಪರೀಕ್ಷೆ ಬಂತು. ನಾನು ಭಟ್ಕಳದಿಂದ ಬೆಳಗಿನ ಬಸ್ಸಿಗೆ ಹೊರಟು ಕಾಸರಕೋಡಿನ ದಡಕ್ಕೆ ಬಂದು ಇಳಿದರೆ, ಶರಾವತಿ ಕೆಂಪಗೆ ಉಕ್ಕಿ, ಜನರನ್ನು ದಾಟಿಸುವ ಲಾಂಚು ನಿಂತಿತ್ತು. ಆಗ ಸೇತುವೆ ಎಲ್ಲಿತ್ತು? ಆಚೆ ದಡದಲ್ಲಿ ಊರು ಕಾಣುತ್ತಿದೆ, ಶಾಲೆಯ ದೀಪ ನನ್ನ ಚೀಲದಲ್ಲಿದೆ. ಆಕಾಶ ಕಪ್ಪಾಗಿ, ಹಗಲೇ ಕತ್ತಲಾಗಿತ್ತು. ಸಣ್ಣ ದೋಣಿಯವರನ್ನು ಬೇಡಿಕೊಂಡೆ. ‘ನಿಮ್ಮ ಪರೀಕ್ಷೆಗೆ ನಾವು ಮುಳುಗಿದ್ರೆ ನಮ್ಮ ಹೆಂಡ್ತಿ ಮಕ್ಕಳು ಎಂತ ಮಾಡೂದು?’ ಎಂದರು. ಸರಿಯಾದ ಮಾತು.

ಸೆಳವು ತಗ್ಗಿ ಲಾಂಚು ಹೊರಟು, ಮಧ್ಯಾಹ್ನ ದಾಟಿ ನಾನು ಶಾಲೆ ಮುಟ್ಟಿದಾಗ ಮಕ್ಕಳು ಜಗಲಿಯಲ್ಲಿ ಎರಚಲಿಗೆ ಬೆನ್ನು ಕೊಟ್ಟು ಒದ್ದೆ ಕಾಗದದ ಮೇಲೆ ಬರೆದು ಮುಗಿಸಿದ್ದರು. ಹೆಡ್‌ಮಾಸ್ತರರು ನನ್ನನ್ನು ನೋಡಿ, ‘ಬಂದ್ರಾ? ನಿಮ್ಮ ಕರೆಂಟು ಉಳೀತು’ ಎಂದಷ್ಟೇ ಹೇಳಿ ಒಳಗೆ ಹೋದರು. ಅದಾದ ಮೇಲೆ ಫ್ಯೂಜುಗಳು ಮೊಹರು ಮಾಡಿದ ಡಬ್ಬಿಯಲ್ಲಿ ಆಯಾ ಶಾಲೆಯಲ್ಲೇ ಉಳಿಯತೊಡಗಿದವು.

ಇವೆಲ್ಲ ಸಣ್ಣವು. ನಾನು ಮುಖ್ಯವಾಗಿ ಹೇಳಬೇಕೆಂದು ಕುಳಿತದ್ದು ಭಟ್ಕಳದ ಹುಡುಗಿಯರ ಶಾಲೆಯ ವಿಷಯ.

ಆ ಶಾಲೆಯನ್ನು ಊರವರ ಒಂದು ಕಮಿಟಿ ನಡೆಸುತ್ತಿತ್ತು. ಕಲಿಸುವವರು, ಕಸ ಗುಡಿಸುವವರು ಎಲ್ಲರೂ ಹೆಂಗಸರು. ಶಾಲೆ ನಡೆಯುವಾಗ ಗಂಡಸರು ಗೇಟಿನೊಳಗೆ ಕಾಲಿಡುವಂತಿಲ್ಲ. ನನಗೆ ಅಲ್ಲಿ ಕೆಲಸವಿದ್ದರೆ ರಜೆಯಲ್ಲೇ ಆಗಬೇಕು. ಕಮಿಟಿಯ ಮುಖ್ಯಸ್ಥರು ಹಾಜಿ ಸಾಹೇಬರೆಂದು ಎಲ್ಲರೂ ಕರೆಯುತ್ತಿದ್ದ ವೃದ್ಧ ವ್ಯಾಪಾರಿ. ಶಾಲೆಯನ್ನು ನೋಡಿಕೊಳ್ಳುತ್ತಿದ್ದವಳು ಖತೀಜಾಬಿ ಎಂಬ ವಿಧವೆ. ಹಿಂಬದಿಯ ಗೋಡೆಗೆ ಒತ್ತಿ ಮಾಡು ಇಳಿಸಿ ಕಟ್ಟಿದ ಒಂದು ಕೋಣೆಯಲ್ಲಿ ಅವಳ ವಾಸ. ಬಾವಿಯಿಂದ ನೀರು ಸೇದಿ ಮಕ್ಕಳು ಕುಡಿಯುವ ಸಿಮೆಂಟು ತೊಟ್ಟಿ ತುಂಬಿಸುವುದೂ ಅವಳದೇ ಕೆಲಸ.

ಒಂದು ವರ್ಷ ಬೇಸಿಗೆ ರಜೆ ಮುಗಿಯುವ ಮೊದಲು ಶಾಲೆಗೆ ಸುಣ್ಣ ಬಳಿಸಿ, ತೊಟ್ಟಿಗೆ ಹೊಸ ನಲ್ಲಿ ಹಾಕಿಸಿ, ಸಣ್ಣಪುಟ್ಟ ರಿಪೇರಿ ಮಾಡಿಸಿದರು. ಒಳಕೋಣೆಗಳು ಕತ್ತಲೆಯೆಂದು ಡಬ್ಬಿ ಒಡೆದು ಫ್ಯೂಜು ಹಾಕಿಕೊಂಡಿದ್ದರು. ಕೆಲಸದವರು ಹೋದರು. ಮಳೆ ಹಿಡಿಯಿತು. ಒಂದು ದಿನ ಹಾಜಿ ಸಾಹೇಬರು ಬಂದು ನೋಡಿದರೆ ಖಾಲಿ ಕಟ್ಟಡದಲ್ಲಿ ಮೀಟರು ತಿರುಗುತ್ತಿದೆ. ಅವರು ಕುಮಟೆಗೆ ಹೇಳಿ ಕಳಿಸಿದರು. ಕುಲಕರ್ಣಿ ಸಾಹೇಬರು ನನ್ನನ್ನು ಕರೆದು, ‘ಗ್ವಾಡಿಗೆ ಹತ್ತಿ ಮನಿ ಐತಿ ಅಂದ್ಮ್ಯಾಲ ಕಳವು ಎಲ್ಲಿಂದ ಅಂತ ಕೇಳಬೇಕೇನು? ಹಿಡದು ವರದಿ ಬರಿ’ ಎಂದರು.

ನಾನು ಹೋದದ್ದು ಶನಿವಾರ. ಸೋಮವಾರ ಶಾಲೆ ತೆರೆಯುವುದಿತ್ತು. ಹಾಜಿ ಸಾಹೇಬರು ಛತ್ರಿ ಹಿಡಿದು ಗೇಟಿನಲ್ಲೇ ಕಾಯುತ್ತಿದ್ದರು.

‘ಮೊದ್ಲು ಆಕೆಯ ಮನೆ ನೋಡಿ’ ಎಂದರು. ‘ಹದಿಮೂರು ವರ್ಷದಿಂದ ಇಲ್ಲಿದ್ದಾಳೆ. ಹೀಗೆ ಮಾಡ್ತಾಳೆ ಅಂತ ಗೊತ್ತಿರಲಿಲ್ಲ.’

ಖತೀಜಾಬಿ ಸೆರಗನ್ನು ಮುಖದವರೆಗೆ ಎಳೆದುಕೊಂಡು ಬಾಗಿಲ ಪಕ್ಕ ನಿಂತಳು. ಒಳಗೆ ಒಂದು ಚಾಪೆ, ಒಲೆ, ಒಂದು ಚಿಮಣಿ ದೀಪ. ತಂತಿಯಾಗಲಿ, ತಂತಿ ಕಟ್ಟಿದ ಗುರುತಾಗಲಿ ಇರಲಿಲ್ಲ.

‘ನೀವು ಬರ್ತೀರಂತ ಬಿಚ್ಚಿಟ್ಟಿರಬಹುದು’ ಎಂದರು ಹಾಜಿ ಸಾಹೇಬರು.

ಅವಳು ನನ್ನನ್ನು ನೋಡದೆ ಹೇಳಿದಳು: ‘ನಂಗೆ ಆ ದೀಪದ ಗುಂಡಿ ಒತ್ತೂಕೇ ಹೆದ್ರಿಕೆ ನಾಯ್ಕರೆ. ಟೀಚರ್ನೋರೇ ಒತ್ತೂದು.’

ನನಗೆ ಸಂಕಟ ಶುರುವಾಯಿತು. ಕಳವು ಎಂದು ಬರೆದರೆ ಈ ಹೆಂಗಸು ಬೀದಿಗೆ ಬೀಳುತ್ತಾಳೆ. ಕಳವಲ್ಲ ಎಂದು ಬರೆಯಲು ಕಾರಣ ಬೇಕು. ಶಾಲೆಯೊಳಗೆ ಹೋಗಿ ಎಲ್ಲ ಕೋಣೆಗಳ ಸ್ವಿಚ್ಚು ಆರಿಸಿದೆ. ಚಕ್ರ ನಿಲ್ಲಲಿಲ್ಲ. ಗೋಡೆಯ ಮೇಲೆ ಇರುವೆ ಹೋದ ಹಾಗೆ ನಿಧಾನವಾಗಿ ತಿರುಗುತ್ತಲೇ ಇತ್ತು. ಫ್ಯೂಜುಗಳನ್ನು ಒಂದೊಂದಾಗಿ ತೆಗೆದೆ. ಹಿಂಬದಿಯ ಸಾಮಾನು ಕೋಣೆಯ ಫ್ಯೂಜು ತೆಗೆದಾಗ ನಿಂತಿತು. ಆ ಕೋಣೆಯಲ್ಲಿದ್ದದ್ದು ಒಂದೇ ದೀಪ. ಅದರ ಬಲ್ಬನ್ನೇ ಬಿಚ್ಚಿ ಮತ್ತೆ ಫ್ಯೂಜು ಹಾಕಿದೆ. ಚಕ್ರ ಮತ್ತೆ ಹೊರಟಿತು.

ದೀಪವಿಲ್ಲ, ಫ್ಯಾನಿಲ್ಲ, ಕದ್ದವರಿಲ್ಲ. ಹಾಗಾದರೆ ಕರೆಂಟು ಹೋಗುತ್ತಿದ್ದದ್ದು ಒಂದೇ ಕಡೆ, ನೆಲಕ್ಕೆ. ಎಲ್ಲೋ ಒಂದು ಗೋಡೆಯೋ ಕಂಬಿಯೋ ಮಳೆಯಲ್ಲಿ ನೆನೆಯುತ್ತ ಕರೆಂಟು ತುಂಬಿಕೊಂಡು ನಿಂತಿದೆ. ನಾಡಿದ್ದು ಇಲ್ಲಿ ಬರಿಗಾಲಿನ ಮಕ್ಕಳು ಓಡಾಡುತ್ತಾರೆ. ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಂಡು ಹಿಂಬದಿಗೆ ಓಡಿದೆ. ಕಿಟಕಿಯ ಸರಳು ನೋಡಿದೆ, ಬಾವಿಯ ಕಂಬ ನೋಡಿದೆ. ಏನೂ ಕಾಣಲಿಲ್ಲ.

ಖತೀಜಾಬಿ ಕೊಡ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿ ಅವಳಿಗೂ ಹೆದರಿಕೆಯಾಯಿತೋ ಏನೋ, ‘ಎಂತ ಆತು?’ ಎಂದಳು.

‘ಅಮ್ಮಾ, ಇಲ್ಲಿ ಏನಾದ್ರೂ ಮುಟ್ಟಿದಾಗ ಕೈಗೆ ಹೊಡ್ದ ಹಾಗೆ ಆಗಿದ್ಯಾ?’

ಅವಳು ಹಾಜಿ ಸಾಹೇಬರ ಕಡೆ ಒಮ್ಮೆ ನೋಡಿದಳು. ಆಮೇಲೆ ತೊಟ್ಟಿಯ ನಲ್ಲಿಯ ಕಡೆ ಕೈ ತೋರಿಸಿದಳು.

‘ಆ ನಳ ಜುಂ ಅಂತದೆ. ಮಳೆ ಬಂದಾಗ ಕಚ್ಚತದೆ. ನಾನು ಸೆರಗು ಸುತ್ಕಂಡು ತಿರುಗ್ಸತೆ.’

ತೊಟ್ಟಿಯ ಮೇಲೆ ಹೊಸ ತಗಡಿನ ಮಾಡು ಹಾಕಿದ್ದರು. ಮಕ್ಕಳು ನೀರು ಕುಡಿಯುವಾಗ ಮಳೆಗೆ ನೆನೆಯಬಾರದೆಂದು ಹಾಜಿ ಸಾಹೇಬರೇ ಮುಂದೆ ನಿಂತು ಮಾಡಿಸಿದ್ದು. ಏಣಿ ಹತ್ತಿ ನೋಡಿದೆ. ತಗಡನ್ನು ಶಾಲೆಯ ಮಾಡಿನ ಅಡ್ಡಪಟ್ಟಿಗೆ ಉದ್ದ ಮೊಳೆಗಳಿಂದ ಹೊಡೆದಿದ್ದರು. ಅದೇ ಪಟ್ಟಿಯ ಒಳಮೈಯಲ್ಲಿ ಸಾಮಾನು ಕೋಣೆಯ ತಂತಿ ಹೋಗುತ್ತಿತ್ತು. ಒಂದು ಮೊಳೆ ಪಟ್ಟಿಯನ್ನು ದಾಟಿ ತಂತಿಯ ಮೇಲಿನ ರಬ್ಬರನ್ನು ಸೀಳಿತ್ತು. ಕರೆಂಟು ತಂತಿಯಿಂದ ಒದ್ದೆ ಮರಕ್ಕೆ, ಮರದಿಂದ ಮೊಳೆಗೆ, ಮೊಳೆಯಿಂದ ತಗಡಿಗೆ, ತಗಡು ಹೊತ್ತ ಕಂಬಿಯಿಂದ ನಲ್ಲಿಯ ಕೊಳವೆಗೆ ಇಳಿಯುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ಇಬ್ಬರನ್ನೂ ದೂರ ನಿಲ್ಲಿಸಿ, ಫ್ಯೂಜು ಹಾಕಿ ಬಂದು, ಪರೀಕ್ಷೆಯ ಬಲ್ಬಿನ ಒಂದು ತಂತಿಯನ್ನು ತಗಡಿಗೂ ಇನ್ನೊಂದನ್ನು ನೆಲಕ್ಕೂ ಮುಟ್ಟಿಸಿದೆ. ಬಲ್ಬಿನೊಳಗಿನ ಎಳೆ ಮಸುಕಾಗಿ ಕೆಂಪಾಯಿತು.

ಹಾಜಿ ಸಾಹೇಬರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಛತ್ರಿ ಪಕ್ಕಕ್ಕೆ ಬಿತ್ತು. ಅವರ ಇಬ್ಬರು ಮೊಮ್ಮಕ್ಕಳು ಅದೇ ಶಾಲೆಯವರು. ಅವರು ಖತೀಜಾಬಿಗೆ ತಮ್ಮ ಮನೆಮಾತಾದ ನವಾಯತಿಯಲ್ಲಿ ಏನೋ ಕೇಳಿದರು. ನಮ್ಮ ಕಡೆಯ ಕೊಂಕಣಿ ಬಲ್ಲವನಿಗೆ ಅದು ಅರ್ಥವಾಗುತ್ತದೆ. ‘ನನ್ನ ಹತ್ತಿರ ಯಾಕೆ ಹೇಳಲಿಲ್ಲ?’ ಎಂದು ಕೇಳಿದ್ದರು.

ಅವಳು ತಲೆ ತಗ್ಗಿಸಿಯೇ ಉತ್ತರಿಸಿದಳು. ‘ಹೊಸ ನಳ ನಾನೇ ಹಾಳು ಮಾಡಿದೆ ಅಂತ ಆಗ್ತಿತ್ತು. ನೀವು ಕೇಳಿದ್ದು ಕಳವಿನ ವಿಷಯ ಮಾತ್ರ.’

ಹಾಜಿ ಸಾಹೇಬರು ಮಳೆಯಲ್ಲೇ ಎದ್ದು ಹೋಗಿ ಅವಳ ಕೈಯಿಂದ ಕೊಡ ತೆಗೆದು ಬಾವಿಕಟ್ಟೆಯ ಮೇಲಿಟ್ಟರು. ತೊಟ್ಟಿಯ ಹತ್ತಿರ ಯಾರೂ ಹೋಗದಂತೆ ಬೆಂಚುಗಳನ್ನು ತಾವೇ ಎಳೆದು ಅಡ್ಡ ಇಟ್ಟರು.

ಫ್ಯೂಜು ಮತ್ತೆ ಕಿತ್ತಿದ್ದೆ, ಅಪಾಯ ನಿಂತಂತೆಯೇ. ಆದರೆ ಯಾರೋ ಒಬ್ಬರು ತಂತಿ ತುಂಡಿನಿಂದ ಮತ್ತೆ ಜೋಡಿಸಿದರೆ? ಟಪಾಲು ಕಚೇರಿಗೆ ಹೋಗಿ ಕುಮಟೆಗೆ ಟ್ರಂಕ್ ಕಾಲ್ ಮಾಡಿಸಿದೆ.

‘ಕಳವಿನ ವರದಿ ಏನಾತು?’ ಎಂದರು ಕುಲಕರ್ಣಿ ಸಾಹೇಬರು.

‘ಕಳವಲ್ಲ ಸಾಹೇಬ್ರೆ. ಮಕ್ಕಳ ನೀರಿನ ನಳಕ್ಕೆ ಕರೆಂಟು ಬಂದದೆ.’

‘ಯಾರಿಗೂ ಏನೂ ಆಗಿಲ್ಲಲ್ಲ?’ ಎಂದು ಕೇಳಿದರು. ಇಲ್ಲ ಎಂದೆ. ‘ನೀ ಅಲ್ಲೇ ಇರು’ ಎಂದರು.

ಭಾನುವಾರ ಅವರೇ ಬಂದರು. ನದಿ ದಾಟಿ, ಬಸ್ಸು ಬದಲಿಸಿ, ಹೆಗಲಿಗೆ ಹೊಸ ತಂತಿಯ ಸುರುಳಿ ಹಾಕಿಕೊಂಡು, ಮೊಣಕಾಲವರೆಗೆ ಕೆಸರು. ಖತೀಜಾಬಿ ದೂರದಲ್ಲಿ ನಿಂತಿದ್ದಳು. ಅವಳ ಕಡೆ ನೋಡಿ ಒಂದು ನಮಸ್ಕಾರ ಮಾಡಿದರು. ಆಮೇಲೆ ಏಣಿ ಹತ್ತಿದವರು ಮಧ್ಯಾಹ್ನದವರೆಗೆ ಇಳಿಯಲಿಲ್ಲ. ತಂದ ತಂತಿಯನ್ನು ನೋಡಿ, ಸಾಮಾನು ಕೋಣೆಯನ್ನು ನೋಡಿ, ‘ಈ ದೀಪಾನೇ ಬ್ಯಾಡ’ ಎಂದು ಆ ಲೈನನ್ನು ಪೂರ್ತಿ ಕಿತ್ತೆಸೆದರು. ತಗಡಿನ ಮೊಳೆಗಳನ್ನೆಲ್ಲ ತೆಗೆದು, ಬೇರೆ ಕಂಬ ನೆಟ್ಟು ಮಾಡನ್ನು ಗೋಡೆಯಿಂದ ಬೇರೆ ಮಾಡಿದೆವು. ಮೇನ್ ಹಾಕಿದಾಗ ಚಕ್ರ ಸತ್ತಂತೆ ನಿಂತಿತ್ತು.

‘ನೀ ಮೇನಿನ ಹತ್ರ ನಿಲ್ಲು’ ಎಂದು ಸಾಹೇಬರು ಬೂಟು ಕಳಚಿದರು. ಏನು ಮಾಡುತ್ತಾರೆಂದು ನನಗೆ ಗೊತ್ತಾಯಿತು. ಬೇಡವೆನ್ನುವ ಮೊದಲೇ ತೊಟ್ಟಿಯ ಕೆಳಗಿನ ನೀರಿನಲ್ಲಿ ಬರಿಗಾಲಲ್ಲಿ ನಿಂತು ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದರು. ನನ್ನ ಕೈ ಸ್ವಿಚ್ಚಿನ ಮೇಲೆ ಬಿಗಿಯಾಗಿತ್ತು. ಅವರು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡರು. ಬಸ್ಸಿಗೆ ಹೋಗುವ ದಾರಿಯಲ್ಲಿ, ‘ಕರೆಂಟು ಒಮ್ಮೊಮ್ಮೆ ತಾನಾಗೇ ಹೋಗೂದೂ ಐತಪ್ಪ ನಾಯ್ಕ’ ಎಂದು ಮೆಲ್ಲಗೆ ಹೇಳಿದರು. ಬಾಗಿಲು ಹಾಕಿದ ಕಟ್ಟಡಕ್ಕೆ ಕೆಲಸದವರು ಕಾಲಿಡುವ ಮೊದಲೊಮ್ಮೆ, ಹೋದ ಮೇಲೊಮ್ಮೆ ಮೀಟರು ನೋಡಬೇಕೆಂಬ ಕ್ರಮ ನಮ್ಮಲ್ಲಿ ಹುಟ್ಟಿದ್ದು ಹೀಗೆ. ಈಗ ಸೇರುವವರಿಗೂ ಅದನ್ನೇ ಹೇಳುತ್ತೇನೆ. ಇನ್ನೂ ಒಂದು ಹೇಳುತ್ತೇನೆ: ಅಲ್ಲಿ ಇರುವವರನ್ನು ಕಳ್ಳರೆಂದು ಕರೆಯುವ ಮೊದಲು ಅವರಿಗೆ ಏನು ಗೊತ್ತಿದೆಯೆಂದು ಕೇಳಿ.

ಸೋಮವಾರ ನಾನೂ ಬೆಳಗಿನ ಬಸ್ಸಿಗೆ ಹೊರಡಬೇಕಿತ್ತು. ಹೋಗಲಾಗಲಿಲ್ಲ. ಶಾಲೆಯ ಎದುರಿನ ಚಹಾದ ಅಂಗಡಿಯ ಮಾಡಿನ ಕೆಳಗೆ ನಿಂತೆ. ಮಳೆ ಹೊಯ್ಯುತ್ತಿತ್ತು. ಹುಡುಗಿಯರು ಗುಂಪುಗುಂಪಾಗಿ ಗೇಟಿನೊಳಗೆ ಹೋದರು. ಇನ್ನು ನಾನು ಒಳಗೆ ಹೋಗುವಂತಿಲ್ಲ. ಇನ್ನೊಂದು ಮೊಳೆ ಎಲ್ಲಾದರೂ ಉಳಿದಿದ್ದರೆ? ಸುಣ್ಣದವರು ಬೇರೆ ಕಡೆಯೂ ಏನಾದರೂ ಹೊಡೆದಿದ್ದರೆ? ಒಂದೊಂದು ಕೋಣೆಯನ್ನೂ ಮನಸ್ಸಿನಲ್ಲೇ ಮತ್ತೆ ಸುತ್ತಿದೆ. ಒಳಗಿನಿಂದ ಮಗ್ಗಿ ಹೇಳುವ ದನಿ ಕೇಳುತ್ತಿದ್ದಷ್ಟು ಹೊತ್ತು ಜೀವ ಹಿಡಿದುಕೊಂಡಿದ್ದೆ. ಬಿಡುವಿನ ಗಂಟೆ ಹೊಡೆಯಿತು. ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತ ಹೊರಗೆ ಬಂದ ಸದ್ದಾಯಿತು. ಸಂತೋಷದ ಕೂಗೋ ಬೇರೆಯದೋ ನನಗೆ ಗೊತ್ತಾಗಲಿಲ್ಲ. ಅಂಗಡಿಯವನು ಕೊಟ್ಟ ಚಹಾ ಕೈಯಲ್ಲೇ ತಣ್ಣಗಾಯಿತು. ಮತ್ತೆ ಗಂಟೆಯಾಗಿ ಗದ್ದಲ ಇಳಿಯಿತು.

ಆಗ ತಲೆಯ ಮೇಲೆ ಗೋಣಿ ಹೊದ್ದುಕೊಂಡು ಖತೀಜಾಬಿ ಗೇಟಿನವರೆಗೆ ಬಂದಳು. ನಾನು ಅಲ್ಲಿರುವುದು ಅವಳಿಗೆ ಹೇಗೆ ತಿಳಿದಿತ್ತೋ.

‘ಮೊದ್ಲು ನಾನು ಕುಡ್ದೆ’ ಎಂದಳು. ‘ಆಮೇಲೆ ಮಕ್ಕಳಿಗೆ ಬಿಟ್ಟೆ. ಎಲ್ಲರೂ ಕುಡ್ದಾತು. ನೀವಿನ್ನು ಹೋಗಿ ನಾಯ್ಕರೆ, ಬಸ್ಸು ತಪ್ಪತದೆ.’